ಹತ್ತಿ, ಉಪ್ಪು, ಭೇದಿ: ಅಮೆರಿಕದ ಅಂತರ್ಯುದ್ಧದಲ್ಲಿ ರಣರಂಗದ ಹೊರಗೆ ನಡೆದದ್ದು

ಅಮೆರಿಕದಲ್ಲಿ ಕೆಲಸಕ್ಕಿರುವ ಮಗನೋ ಮಗಳೋ ಜೂನ್ 19ರಂದು ಊರಿಗೆ ಫೋನ್ ಮಾಡಿ ಇವತ್ತು ಇಲ್ಲಿ ಸರ್ಕಾರಿ ರಜೆ ಎಂದರೆ, ಯಾವ ಹಬ್ಬಕ್ಕೆ ಎಂಬ ಪ್ರಶ್ನೆ ಈ ಕಡೆಯಿಂದ ಬರುವುದು ಸಹಜ. ಆ ರಜೆಯ ಹೆಸರು ಜೂನ್‌ಟೀನ್ತ್. 1865ರ ಜೂನ್ 19ರಂದು ಟೆಕ್ಸಾಸ್ ರಾಜ್ಯದ ಗ್ಯಾಲ್ವೆಸ್ಟನ್ ಬಂದರಿನಲ್ಲಿ ಸೇನಾಧಿಕಾರಿ ಗಾರ್ಡನ್ ಗ್ರೇಂಜರ್ ಒಂದು ಆದೇಶ ಹೊರಡಿಸಿ, ಗುಲಾಮರೆಲ್ಲ ಇನ್ನು ಸ್ವತಂತ್ರರು ಎಂದು ಸಾರಿದ. ಆ ದಿನ 2021ರಲ್ಲಿ ರಾಷ್ಟ್ರೀಯ ರಜಾದಿನವಾಯಿತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ, ವರ್ಜೀನಿಯಾದ ರಿಚ್ಮಂಡ್ ನಗರದಲ್ಲಿ 1890ರಿಂದ ಕುದುರೆಯೇರಿ ನಿಂತಿದ್ದ ಸೇನಾಪತಿ ರಾಬರ್ಟ್ ಲೀ ಪ್ರತಿಮೆಯನ್ನು ಕ್ರೇನ್ ತರಿಸಿ ಕೆಳಗಿಳಿಸಿದರು. ಒಂದು ರಜೆ ಹೊಸದಾಗಿ ಹುಟ್ಟಿದ್ದು, ಒಂದು ಪ್ರತಿಮೆ ಇಳಿದದ್ದು ಎರಡೂ ನೂರೈವತ್ತಕ್ಕೂ ಹೆಚ್ಚು ವರ್ಷಗಳ ಹಿಂದಿನ ಒಂದೇ ಯುದ್ಧದ ಬಾಕಿ ಲೆಕ್ಕಗಳು. ಆ ಯುದ್ಧವೇ ಅಮೆರಿಕದ ಅಂತರ್ಯುದ್ಧ.

ನಮ್ಮ ಶಾಲೆಯ ಪಠ್ಯಗಳಲ್ಲಿ ಅದು ಅಬ್ರಹಾಂ ಲಿಂಕನ್ ಗುಲಾಮರನ್ನು ಬಿಡಿಸಿದ ಕಥೆಯಾಗಿ ಎರಡು ಪ್ಯಾರಾದಲ್ಲಿ ಮುಗಿಯುತ್ತದೆ. ಅಮೆರಿಕದವರೇ ಬರೆದ ದಪ್ಪ ಪುಸ್ತಕಗಳಲ್ಲೂ ಬಹುಕಾಲ ಸೇನಾಪತಿಗಳ ಮತ್ತು ದೊಡ್ಡ ಕಾಳಗಗಳ ವರ್ಣನೆಯೇ ತುಂಬಿತ್ತು. ಈ ಲೇಖನದ ಗಮನ ಬೇರೆ ಕಡೆಗಿದೆ: ಕಾಯಿಲೆ, ಉಪ್ಪು, ರೈಲು ಹಳಿಯ ಅಗಲ, ಓಡಿಹೋದ ಗುಲಾಮರು, ಬೀದಿಗಿಳಿದ ಹೆಂಗಸರು, ಕಡೆಗೆ ನಮ್ಮ ಧಾರವಾಡದ ಹತ್ತಿ.

ಮೊದಲು ಕೆಲವು ಪದಗಳು

ಎರಡು ದೇಶಗಳ ನಡುವೆ ನಡೆಯುವುದು ಯುದ್ಧ. ಒಂದೇ ದೇಶದ ಜನ ಎರಡು ಪಾಳೆಯಗಳಾಗಿ, ದೇಶ ಯಾರ ಕೈಯಲ್ಲಿರಬೇಕು ಅಥವಾ ಅದು ಒಂದಾಗಿ ಉಳಿಯಬೇಕೇ ಎಂಬುದನ್ನು ಆಯುಧದಿಂದ ತೀರ್ಮಾನಿಸಲು ಹೊರಟರೆ ಅದು ಅಂತರ್ಯುದ್ಧ. ಅಮೆರಿಕದಲ್ಲಿ ಅದು ನಡೆದದ್ದು 1861ರ ಏಪ್ರಿಲ್‌ನಿಂದ 1865ರ ವಸಂತದವರೆಗೆ. ಗುಲಾಮಗಿರಿ ಹೊಸ ಪ್ರದೇಶಗಳಿಗೆ ಹರಡುವುದನ್ನು ವಿರೋಧಿಸುತ್ತಿದ್ದ ಲಿಂಕನ್ 1860ರ ನವೆಂಬರ್‌ನಲ್ಲಿ ಅಧ್ಯಕ್ಷನಾಗಿ ಆಯ್ಕೆಯಾದ. ಡಿಸೆಂಬರ್‌ನಲ್ಲೇ ದಕ್ಷಿಣ ಕ್ಯಾರೊಲಿನಾ ಒಕ್ಕೂಟವನ್ನು ಬಿಟ್ಟಿತು. ಒಂದರ ಹಿಂದೊಂದರಂತೆ 11 ರಾಜ್ಯಗಳು ಹೊರನಡೆದು ಕಾನ್ಫೆಡರಸಿ ಎಂಬ ಪ್ರತ್ಯೇಕ ಕೂಟವನ್ನು ಕಟ್ಟಿಕೊಂಡವು. ಉಳಿದವರನ್ನು ಯೂನಿಯನ್ ಅಥವಾ ಒಕ್ಕೂಟದವರು ಎನ್ನುತ್ತಾರೆ. ಇಲ್ಲಿ ಸುಲಭಕ್ಕೆ ಉತ್ತರ, ದಕ್ಷಿಣ ಎನ್ನೋಣ. ಆದರೆ ಕೆಂಟಕಿ, ಮಿಸೌರಿ, ಮೇರಿಲ್ಯಾಂಡ್, ಡೆಲವೇರ್ ಎಂಬ ನಾಲ್ಕು ರಾಜ್ಯಗಳು ಗುಲಾಮಗಿರಿಯನ್ನು ಇಟ್ಟುಕೊಂಡೇ ಉತ್ತರದ ಜೊತೆ ಉಳಿದವು ಎಂಬುದನ್ನು ನೆನಪಿನಲ್ಲಿಡಬೇಕು.

ಗುಲಾಮಗಿರಿ ಎಂದಾಗ ನಮಗೆ ಥಟ್ಟನೆ ಹೊಳೆಯುವ ಹೋಲಿಕೆ ಜೀತ. ಹೋಲಿಕೆ ಸ್ವಲ್ಪ ದೂರ ಮಾತ್ರ ಸಾಗುತ್ತದೆ. ಜೀತದ ಬೇರು ಸಾಲದಲ್ಲಿತ್ತು. ಸಾಲ ತೀರಿದರೆ ಬಿಡುಗಡೆ ಎಂಬ ಮಾತಾದರೂ, ಎಷ್ಟೇ ಪೊಳ್ಳಾಗಿದ್ದರೂ, ಅಲ್ಲಿತ್ತು. ಅಮೆರಿಕದ ಗುಲಾಮಗಿರಿಯಲ್ಲಿ ಮನುಷ್ಯ ಕಾನೂನಿನ ಕಣ್ಣಿಗೆ ಎತ್ತು, ನೇಗಿಲುಗಳಂತೆ ಒಂದು ಆಸ್ತಿ. ತಾಯಿ ಗುಲಾಮಳಾದರೆ ಹುಟ್ಟಿದ ಕೂಸೂ ಒಡೆಯನ ಆಸ್ತಿ. ಅದನ್ನು ಹರಾಜಿನಲ್ಲಿ ಮಾರಬಹುದು, ಅಡವಿಡಬಹುದು, ಮಗಳ ಮದುವೆಗೆ ಬಳುವಳಿಯಾಗಿ ಕೊಡಬಹುದು. 1860ರ ಜನಗಣತಿಯಲ್ಲಿ ಹೀಗೆ ಆಸ್ತಿಯಾಗಿದ್ದ ಮನುಷ್ಯರು ಸುಮಾರು 40 ಲಕ್ಷ. ಒಕ್ಕೂಟವನ್ನು ಬಿಟ್ಟ 11 ರಾಜ್ಯಗಳ ಸುಮಾರು 90 ಲಕ್ಷ ಜನಸಂಖ್ಯೆಯಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಜನ ಗುಲಾಮರು. ದಕ್ಷಿಣದ ಯುದ್ಧಶಕ್ತಿಯನ್ನೂ ಅದರ ಕುಸಿತವನ್ನೂ ಅರ್ಥಮಾಡಿಕೊಳ್ಳಲು ಈ ಒಂದು ಅಂಕಿ ಸಾಕು. ಹೊಲ ಉತ್ತು ಬೆಳೆ ತೆಗೆಯುತ್ತಿದ್ದವರು, ಕೋಟೆಯ ಮಣ್ಣು ಹೊರುತ್ತಿದ್ದವರು, ಸೈನಿಕರಿಗೆ ಅಡುಗೆ ಬೇಯಿಸುತ್ತಿದ್ದವರು ಆ ಯುದ್ಧ ಸೋಲಲಿ ಎಂದು ಹಾರೈಸಲು ಎಲ್ಲ ಕಾರಣಗಳಿದ್ದ ಜನರೇ ಆಗಿದ್ದರು.

ಗುಂಡಿಗಿಂತ ಭೇದಿ ಹೆಚ್ಚು ಕೊಂದಿತು

ಈ ಯುದ್ಧದಲ್ಲಿ ಸತ್ತ ಸೈನಿಕರ ಸಂಖ್ಯೆ 6,20,000 ಎಂದು ಬಹುಕಾಲ ನಂಬಲಾಗಿತ್ತು. ಜನಗಣತಿಯ ಅಂಕಿಗಳನ್ನು ಮರುಪರಿಶೀಲಿಸಿದ ಇತಿಹಾಸಕಾರರು 2011ರಲ್ಲಿ ಅದು ಸುಮಾರು 7,50,000 ಇರಬಹುದು ಎಂದರು. ಯಾವ ಲೆಕ್ಕ ಹಿಡಿದರೂ ಒಂದು ಸಂಗತಿ ಬದಲಾಗುವುದಿಲ್ಲ: ಸತ್ತವರಲ್ಲಿ ಸರಿಸುಮಾರು ಮೂರರಲ್ಲಿ ಎರಡು ಪಾಲು ಜನರನ್ನು ಕೊಂದದ್ದು ಶತ್ರುವಿನ ಗುಂಡಲ್ಲ, ಕಾಯಿಲೆ. ರಕ್ತಭೇದಿ, ವಿಷಮಶೀತಜ್ವರ, ದಡಾರ, ಮಲೇರಿಯಾ, ನ್ಯುಮೋನಿಯಾ ಅದರಲ್ಲಿ ಮುಖ್ಯವಾದವು.

ಕಾರಣ ತಿಳಿಯುವುದು ಕಷ್ಟವಲ್ಲ. ಒಂದು ಜಾತ್ರೆಯನ್ನು ಕಲ್ಪಿಸಿಕೊಳ್ಳಿ. ಅಲ್ಲಿಗೆ ಬಂದ ಲಕ್ಷ ಜನ ಮೂರು ದಿನಕ್ಕೆ ಹೊರಡುವ ಬದಲು ಮೂರು ತಿಂಗಳು ಅಲ್ಲೇ ಡೇರೆ ಹಾಕಿ ಉಳಿದರೆ, ಕುಡಿಯುವ ಹಳ್ಳದ ಮೇಲ್ಗಡೆಯೇ ಬಯಲಿಗೆ ಹೋದರೆ ಏನಾದೀತು? ಅಂದಿನ ಸೇನಾ ಶಿಬಿರಗಳ ಸ್ಥಿತಿ ಅದೇ ಆಗಿತ್ತು. ಅದರಲ್ಲೂ ಒಂಟಿ ಹೊಲಮನೆಗಳಲ್ಲಿ ಬೆಳೆದ ರೈತರ ಹುಡುಗರಿಗೆ ಪೇಟೆಯ ಮಕ್ಕಳಂತೆ ಬಾಲ್ಯದಲ್ಲಿ ದಡಾರ ಬಂದು ಹೋಗಿರಲಿಲ್ಲ. ಇಪ್ಪತ್ತರ ಗಟ್ಟಿ ಆಳುಗಳು ಶಿಬಿರಕ್ಕೆ ಬಂದ ಮೊದಲ ತಿಂಗಳಲ್ಲೇ, ಒಂದು ಗುಂಡನ್ನೂ ಹಾರಿಸದೆ, ಮಕ್ಕಳ ಕಾಯಿಲೆಗೆ ಬಲಿಯಾದರು. ರೋಗಾಣು ಎಂಬುದರ ಅರಿವು ವೈದ್ಯರಿಗೆ ಇನ್ನೂ ಇರಲಿಲ್ಲ. ಒಬ್ಬನ ಕಾಲು ಕತ್ತರಿಸಿದ ಗರಗಸವನ್ನು ಮುಂದಂಗಿಗೆ ಒರೆಸಿ ಮುಂದಿನವನಿಗೆ ಹಚ್ಚುತ್ತಿದ್ದರು. ಆದರೆ ಅರಿವಳಿಕೆ ಇಲ್ಲದೆ, ಬಾಯಿಗೆ ಗುಂಡು ಕಚ್ಚಿಸಿ ಕಾಲು ಕತ್ತರಿಸುತ್ತಿದ್ದರು ಎಂಬ ಪ್ರಸಿದ್ಧ ಚಿತ್ರ ಬಹುಮಟ್ಟಿಗೆ ಕಟ್ಟುಕಥೆ. ಕ್ಲೋರೋಫಾರ್ಮ್ ಮತ್ತು ಈಥರ್ ಎರಡೂ ಧಾರಾಳವಾಗಿ ಬಳಕೆಯಲ್ಲಿದ್ದವು.

ಇದೇ ಕೊಳಕಿನ ನಡುವೆ ಇಂದಿನ ಆಂಬುಲೆನ್ಸ್ ವ್ಯವಸ್ಥೆಯ ಒಂದು ಬೇರೂ ಇದೆ. ಯುದ್ಧದ ಮೊದಲ ವರ್ಷ ಗಾಯಾಳುಗಳು ದಿನಗಟ್ಟಲೆ ಬಯಲಿನಲ್ಲೇ ನರಳುತ್ತಿದ್ದರು. ಗಾಡಿ ಹೊಡೆಯಲು ನೇಮಿಸಿದವರು ಗುಂಡಿನ ಸದ್ದಿಗೆ ಓಡಿಹೋಗುತ್ತಿದ್ದರು. 1862ರಲ್ಲಿ ಜೊನಾಥನ್ ಲೆಟರ್‌ಮನ್ ಎಂಬ ಸೇನಾ ವೈದ್ಯ ಅದಕ್ಕೆಂದೇ ತರಬೇತಿ ಪಡೆದ ಪ್ರತ್ಯೇಕ ದಳವನ್ನು ಕಟ್ಟಿದ. ಮೊದಲು ರಣರಂಗದ ಅಂಚಿನಲ್ಲಿ ಕಟ್ಟು, ಆಮೇಲೆ ಹತ್ತಿರದ ಮನೆ ಅಥವಾ ಕೊಟ್ಟಿಗೆಯಲ್ಲಿ ಶಸ್ತ್ರಚಿಕಿತ್ಸೆ, ಅನಂತರ ದೂರದ ದೊಡ್ಡ ಆಸ್ಪತ್ರೆ ಎಂದು ಮೂರು ಮೆಟ್ಟಿಲು ಮಾಡಿದ. ಆ ಸೆಪ್ಟೆಂಬರ್ 17ರಂದು ಆಂಟಿಟಮ್ ಎಂಬಲ್ಲಿ ಒಂದೇ ದಿನ ಎರಡೂ ಕಡೆ ಸೇರಿ ಸುಮಾರು 23,000 ಜನ ಸತ್ತು, ಗಾಯಗೊಂಡು, ಕಾಣೆಯಾದಾಗ ಈ ಏರ್ಪಾಡಿಗೆ ಮೊದಲ ದೊಡ್ಡ ಪರೀಕ್ಷೆಯಾಯಿತು. ಬದುಕಬಲ್ಲವರನ್ನು ಮೊದಲು ನೋಡು ಎಂಬ, ಇಂದಿಗೂ ತುರ್ತು ಚಿಕಿತ್ಸಾ ಘಟಕಗಳಲ್ಲಿ ನಡೆಯುವ ವಿಂಗಡಣೆಯ ಕ್ರಮವೂ ಈ ವ್ಯವಸ್ಥೆಯ ಭಾಗವಾಗಿತ್ತು.

ಗುಲಾಮರು ಕಾದು ಕೂತಿರಲಿಲ್ಲ

ಲಿಂಕನ್ ಸಹಿ ಹಾಕಿದ, ಗುಲಾಮರು ಬಿಡುಗಡೆಯಾದರು ಎಂಬ ಕಥೆಯಲ್ಲಿ ಗುಲಾಮರು ಸುಮ್ಮನೆ ಕೈಕಟ್ಟಿ ಕೂತಿರುತ್ತಾರೆ. ನಡೆದದ್ದು ಹಾಗಲ್ಲ.

1861ರ ಮೇ ತಿಂಗಳಲ್ಲಿ, ಯುದ್ಧ ಶುರುವಾಗಿ ಇನ್ನೂ ಆರು ವಾರವೂ ಆಗಿರದಾಗ, ವರ್ಜೀನಿಯಾದ ಮನ್ರೋ ಕೋಟೆಗೆ ಫ್ರಾಂಕ್ ಬೇಕರ್, ಶೆಪರ್ಡ್ ಮ್ಯಾಲರಿ, ಜೇಮ್ಸ್ ಟೌನ್‌ಸೆಂಡ್ ಎಂಬ ಮೂವರು ಗುಲಾಮರು ರಾತ್ರಿಯಲ್ಲಿ ದೋಣಿ ಹತ್ತಿ ಬಂದು ಆಶ್ರಯ ಕೇಳಿದರು. ದಕ್ಷಿಣದ ಸೇನೆಗಾಗಿ ಫಿರಂಗಿಯ ನೆಲೆ ಕಟ್ಟುವ ಕೆಲಸಕ್ಕೆ ಅವರನ್ನು ಹಚ್ಚಲಾಗಿತ್ತು. ಓಡಿಬಂದ ಗುಲಾಮನನ್ನು ಒಡೆಯನಿಗೆ ಹಿಂದಿರುಗಿಸಬೇಕೆಂಬ ಕಾನೂನು ಆಗಲೂ ಜಾರಿಯಲ್ಲಿತ್ತು. ಕೋಟೆಯ ಅಧಿಕಾರಿ ಬೆಂಜಮಿನ್ ಬಟ್ಲರ್ ಮೂಲತಃ ವಕೀಲ. ಇವರು ಮನುಷ್ಯರಲ್ಲ, ಆಸ್ತಿ ಎಂದು ನೀವೇ ಹೇಳುತ್ತೀರಿ. ಯುದ್ಧಕ್ಕೆ ಬಳಕೆಯಾಗುವ ಶತ್ರುವಿನ ಆಸ್ತಿಯನ್ನು ಜಪ್ತಿ ಮಾಡುವ ಹಕ್ಕು ನಮಗಿದೆ ಎಂದು ಆತ ವಾದ ಹೂಡಿದ. ಕುತರ್ಕವೇ ಸರಿ, ಆದರೆ ಬಾಗಿಲು ತೆರೆಯಿತು. ಸುದ್ದಿ ಹಬ್ಬಿದಂತೆ ಹತ್ತು, ನೂರು, ಸಾವಿರ ಎಂದು ಜನ ಮಕ್ಕಳುಮರಿ ಕಟ್ಟಿಕೊಂಡು ಉತ್ತರದ ಸೇನೆಯ ಬೀಡುಗಳತ್ತ ನಡೆದು ಬಂದರು. ಯುದ್ಧ ಮುಗಿಯುವ ಹೊತ್ತಿಗೆ ಹೀಗೆ ಬಂದವರ ಸಂಖ್ಯೆ ಸುಮಾರು ಐದು ಲಕ್ಷ ಎಂದು ಅಂದಾಜಿಸುತ್ತಾರೆ. ಬಂದ ಪ್ರತಿಯೊಬ್ಬನೂ ದಕ್ಷಿಣದ ಹೊಲದಿಂದ ಕಡಿಮೆಯಾದ ಒಂದು ಜೊತೆ ಕೈ. ಲಿಂಕನ್‌ನ ವಿಮೋಚನಾ ಘೋಷಣೆ ಜಾರಿಗೆ ಬಂದದ್ದು 1863ರ ಜನವರಿ 1ರಂದು. ಅದೂ ದಂಗೆಯೆದ್ದ ಪ್ರದೇಶಗಳಿಗೆ ಮಾತ್ರ. ಅಷ್ಟರೊಳಗೆ ಸಾವಿರಾರು ಜನ ತಮ್ಮ ವಿಮೋಚನೆಯನ್ನು ಕಾಲ್ನಡಿಗೆಯಲ್ಲೇ ಮುಗಿಸಿಕೊಂಡಿದ್ದರು.

ಒಂದು ರಾತ್ರಿಯ ಪ್ರಸಂಗವನ್ನು ಸ್ವಲ್ಪ ಹತ್ತಿರದಿಂದ ನೋಡಬಹುದು. ರಾಬರ್ಟ್ ಸ್ಮಾಲ್ಸ್ 23 ವರ್ಷದ ಗುಲಾಮ. ಚಾರ್ಲ್ಸ್‌ಟನ್ ಬಂದರಿನಲ್ಲಿ ದಕ್ಷಿಣದ ಸೇನೆಗೆ ಸರಕು ಸಾಗಿಸುವ ಪ್ಲಾಂಟರ್ ಎಂಬ ಉಗಿಹಡಗನ್ನು ನಡೆಸುವುದು ಅವನ ಕೆಲಸ. 1862ರ ಮೇ 12ರ ರಾತ್ರಿ ಬಿಳಿಯ ಅಧಿಕಾರಿಗಳು ನಿಯಮ ಮೀರಿ ದಡಕ್ಕೆ ಮಲಗಲು ಹೋದರು. ಬೆಳಗಿನ ಜಾವ ಸ್ಮಾಲ್ಸ್ ಬೆಂಕಿ ಹೊತ್ತಿಸಿ ಹಡಗು ಬಿಟ್ಟ. ಇನ್ನೊಂದು ಕಟ್ಟೆಯಲ್ಲಿ ಅಡಗಿ ಕಾಯುತ್ತಿದ್ದ ಹೆಂಡತಿ ಮಕ್ಕಳನ್ನೂ ಜೊತೆಯವರ ಕುಟುಂಬಗಳನ್ನೂ ಹತ್ತಿಸಿಕೊಂಡ. ಕ್ಯಾಪ್ಟನ್ನನ ಅಗಲವಾದ ಹುಲ್ಲಿನ ಟೋಪಿಯನ್ನು ತಲೆಗಿಟ್ಟು, ಅವನಂತೆಯೇ ಕೈಕಟ್ಟಿ ನಿಂತು, ಒಂದೊಂದು ಕೋಟೆ ಎದುರಾದಾಗಲೂ ಸರಿಯಾದ ಸೀಟಿಯ ಸಂಕೇತ ಕೊಟ್ಟ. ಕತ್ತಲಲ್ಲಿ ಟೋಪಿ ಕಂಡಿತು, ಮುಖ ಕಾಣಲಿಲ್ಲ. ಫಿರಂಗಿಗಳ ಅಳತೆ ದಾಟಿದ ಮೇಲೆ ದಕ್ಷಿಣದ ಬಾವುಟವನ್ನು ಇಳಿಸಿ ಬಿಳಿಯ ಹಾಸುಬಟ್ಟೆಯನ್ನು ಏರಿಸಿ, ಹಡಗನ್ನು ಅದರ ಮೇಲಿದ್ದ ಫಿರಂಗಿಗಳ ಸಮೇತ ಉತ್ತರದ ನೌಕಾಪಡೆಗೆ ಒಪ್ಪಿಸಿದ. ಮುಂದೆ ಆತ ಅಮೆರಿಕದ ಸಂಸತ್ತಿನ ಸದಸ್ಯನಾದ. ತಾನು ಗುಲಾಮನಾಗಿ ಹುಟ್ಟಿದ ಊರಿನಲ್ಲಿ ಹಳೆಯ ಒಡೆಯನ ಮನೆಯನ್ನೇ ಕೊಂಡುಕೊಂಡ.

ಉತ್ತರದ ಭೂಸೇನೆಯಲ್ಲಿ ಸುಮಾರು 1,79,000 ಮತ್ತು ನೌಕಾಪಡೆಯಲ್ಲಿ ಸುಮಾರು 19,000 ಕಪ್ಪು ಜನರು ಸೇವೆ ಸಲ್ಲಿಸಿದರು. ಬಿಳಿಯ ಸೈನಿಕನಿಗೆ ತಿಂಗಳಿಗೆ 13 ಡಾಲರ್ ಸಂಬಳವಿದ್ದರೆ ಕಪ್ಪು ಸೈನಿಕನಿಗೆ 10 ಡಾಲರ್. ಅದರಲ್ಲೂ ಬಟ್ಟೆಗೆಂದು 3 ಡಾಲರ್ ಕಡಿತ. ಮ್ಯಾಸಚೂಸೆಟ್ಸ್‌ನ 54ನೇ ರೆಜಿಮೆಂಟಿನವರು ಕಡಿಮೆ ಸಂಬಳ ತೆಗೆದುಕೊಳ್ಳುವುದಕ್ಕಿಂತ ಸಂಬಳವೇ ಬೇಡ ಎಂದು ತಿಂಗಳುಗಟ್ಟಲೆ ಬರಿಗೈಯಲ್ಲಿ ಕಾದಿದರು. 1864ರ ಜೂನ್‌ನಲ್ಲಿ ಸಂಸತ್ತು ಸಮಾನ ವೇತನಕ್ಕೆ ಒಪ್ಪಿತು. ಸೆರೆಯಾದ ಕಪ್ಪು ಸೈನಿಕರನ್ನು ಯುದ್ಧಕೈದಿಗಳೆಂದು ಪರಿಗಣಿಸಲು ದಕ್ಷಿಣ ಒಪ್ಪದೇ ಹೋದದ್ದು ಎರಡೂ ಕಡೆಯ ಕೈದಿಗಳ ವಿನಿಮಯ ಮುರಿದುಬೀಳಲು ಒಂದು ಮುಖ್ಯ ಕಾರಣವಾಯಿತು. ಅದರ ಪರಿಣಾಮ ಬಿಳಿಯರ ಮೇಲೂ ಬಿತ್ತು: ಜಾರ್ಜಿಯಾದ ಆಂಡರ್ಸನ್‌ವಿಲ್ ಎಂಬ ಬಯಲು ಸೆರೆಮನೆಯಲ್ಲಿ ಕೂಡಿಹಾಕಿದ್ದ ಸುಮಾರು 45,000 ಉತ್ತರದ ಸೈನಿಕರಲ್ಲಿ 13,000ದಷ್ಟು ಜನ ಹಸಿವು ಮತ್ತು ಭೇದಿಯಿಂದ ಸತ್ತರು.

ಉಪ್ಪು, ರೊಟ್ಟಿ, ಬಡವರ ಸಿಟ್ಟು

ದಕ್ಷಿಣದ ಕರಾವಳಿಯನ್ನು ಉತ್ತರದ ನೌಕಾಪಡೆ ಯುದ್ಧದ ಮೊದಲ ತಿಂಗಳಲ್ಲೇ ಮುತ್ತಲು ಆರಂಭಿಸಿತು. ಬಂದೂಕಿನ ಕೊರತೆಗಿಂತ ಮೊದಲು ಜನಕ್ಕೆ ತಟ್ಟಿದ್ದು ಉಪ್ಪಿನ ಕೊರತೆ. ಶೈತ್ಯಾಗಾರ ಇಲ್ಲದ ಕಾಲದಲ್ಲಿ ಚಳಿಗಾಲಕ್ಕೆ ಹಂದಿ ಮಾಂಸವನ್ನು ಉಳಿಸಿಕೊಳ್ಳುವುದಕ್ಕೆ ಉಪ್ಪೊಂದೇ ದಾರಿ. ಕರಾವಳಿಯಲ್ಲಿ ಮಳೆಗಾಲಕ್ಕೆ ಮೀನು ಒಣಗಿಸಿಡುವವರಿಗೆ ಈ ಕಷ್ಟ ಬಿಡಿಸಿ ಹೇಳಬೇಕಾಗಿಲ್ಲ. ಹಳ್ಳಿಯ ಹೆಂಗಸರು ಮಾಂಸ ತೂಗುಹಾಕುತ್ತಿದ್ದ ಕೋಣೆಯ ನೆಲವನ್ನೇ ಅಗೆದು, ವರ್ಷಗಳಿಂದ ತೊಟ್ಟಿಕ್ಕಿದ್ದ ಉಪ್ಪು ಹೀರಿಕೊಂಡ ಮಣ್ಣನ್ನು ನೀರಲ್ಲಿ ಕದಡಿ, ಸೋಸಿ, ಕುದಿಸಿ ಉಪ್ಪು ತೆಗೆದರು. ಕಾಫಿ ಸಿಗದೆ ಚಿಕೋರಿ, ಓಕ್ ಕಾಯಿ, ಗೆಣಸುಗಳನ್ನು ಹುರಿದು ಕುದಿಸಿ ಕುಡಿದರು. ಉತ್ತರದ ಸೈನಿಕನಿಗಾದರೆ ಕಾಫಿ ಬೀಜ ದಿನದ ಪಡಿತರದಲ್ಲೇ ಸೇರಿತ್ತು.

ಸರ್ಕಾರ ಆಧಾರವಿಲ್ಲದೆ ನೋಟು ಮುದ್ರಿಸಿದ್ದರಿಂದ ದಕ್ಷಿಣದಲ್ಲಿ ಬೆಲೆಗಳು ಹುಚ್ಚೆದ್ದು ಏರಿದವು. 1860ರಲ್ಲಿ 38,000 ಜನರಿದ್ದ ರಾಜಧಾನಿ ರಿಚ್ಮಂಡ್ ಸೈನಿಕರು, ನೌಕರರು, ನಿರಾಶ್ರಿತರು ತುಂಬಿ ಲಕ್ಷ ದಾಟಿತ್ತು. 1863ರ ಏಪ್ರಿಲ್ 2ರಂದು ಅಲ್ಲಿನ ಕೂಲಿ ಹೆಂಗಸರು, ಸೈನಿಕರ ಹೆಂಡಂದಿರು ಗುಂಪುಗೂಡಿ ರಾಜ್ಯಪಾಲನ ಬಳಿ ಹೋಗಿ ಧಾನ್ಯ ಕೇಳಿದರು. ಸಮಾಧಾನದ ಉತ್ತರ ಸಿಗದಿದ್ದಾಗ ಕೊಡಲಿ ಹಿಡಿದು ಅಂಗಡಿಗಳ ಬಾಗಿಲು ಒಡೆದು ಹಿಟ್ಟು, ಮಾಂಸ, ಬೂಟುಗಳನ್ನು ಹೊತ್ತೊಯ್ದರು. ದಕ್ಷಿಣದ ಅಧ್ಯಕ್ಷ ಜೆಫರ್ಸನ್ ಡೇವಿಸ್ ತಾನೇ ಬೀದಿಗೆ ಬಂದು, ಗಾಡಿಯೊಂದರ ಮೇಲೆ ನಿಂತು, ಜೇಬಿನಲ್ಲಿದ್ದ ಚಿಲ್ಲರೆಯನ್ನು ಗುಂಪಿನತ್ತ ಎಸೆದು, ಗಡಿಯಾರ ತೆಗೆದು ಐದು ನಿಮಿಷದಲ್ಲಿ ಚದುರದಿದ್ದರೆ ಗುಂಡು ಎಂದ ಎಂದು ದಾಖಲೆಗಳು ಹೇಳುತ್ತವೆ. ಗುಂಪು ಚದುರಿತು. ಪತ್ರಿಕೆಗಳಿಗೆ ಈ ಸುದ್ದಿ ಹಾಕಬೇಡಿ ಎಂದು ಸರ್ಕಾರ ಕೋರಿತು. ಹೊರಗೆ ಹೋಗಬಾರದ ಸುದ್ದಿ ಬೇಗನೆ ಹೊರಗೆ ಹೋಯಿತು ಎಂಬುದನ್ನು ಹೇಳಬೇಕಾಗಿಲ್ಲ.

ಆ ಹೆಂಗಸರ ಸಿಟ್ಟಿಗೆ ಇನ್ನೊಂದು ಕಾರಣವೂ ಇತ್ತು. ದಕ್ಷಿಣ 1862ರ ಏಪ್ರಿಲ್‌ನಲ್ಲಿ ಕಡ್ಡಾಯ ಸೈನ್ಯ ಭರ್ತಿ ಜಾರಿಗೆ ತಂದಿತು. ಆದರೆ ಅಕ್ಟೋಬರ್‌ನಲ್ಲಿ ಮಾಡಿದ ತಿದ್ದುಪಡಿ 20 ಅಥವಾ ಹೆಚ್ಚು ಗುಲಾಮರಿರುವ ತೋಟಕ್ಕೆ ಒಬ್ಬ ಬಿಳಿಯನಿಗೆ ವಿನಾಯಿತಿ ಕೊಟ್ಟಿತು. ದಕ್ಷಿಣದ ಬಿಳಿಯ ಕುಟುಂಬಗಳಲ್ಲಿ ಗುಲಾಮರನ್ನು ಹೊಂದಿದ್ದವು ಮೂರರಲ್ಲಿ ಒಂದರಷ್ಟು. 20 ಗುಲಾಮರಿದ್ದವರಂತೂ ಬೆರಳೆಣಿಕೆ. ದುಡ್ಡಿದ್ದವರ ಯುದ್ಧ, ಬಡವರ ಕಾದಾಟ ಎಂಬ ಮಾತು ಆಗಲೇ ಜನಜನಿತವಾಯಿತು. ಉತ್ತರ ಈ ವಿಷಯದಲ್ಲಿ ಮೇಲಿತ್ತು ಎನ್ನುವಂತಿಲ್ಲ. ಅಲ್ಲಿನ 1863ರ ಕಾನೂನಿನ ಪ್ರಕಾರ 300 ಡಾಲರ್ ಕಟ್ಟಿದವನು ಸೈನ್ಯಕ್ಕೆ ಹೋಗಬೇಕಿರಲಿಲ್ಲ. ಕೂಲಿಯವನಿಗೆ ಅದು ಹೆಚ್ಚೂಕಡಿಮೆ ಒಂದು ವರ್ಷದ ಗಳಿಕೆ. ಆ ಜುಲೈನಲ್ಲಿ ನ್ಯೂಯಾರ್ಕ್ ನಾಲ್ಕು ದಿನ ಹೊತ್ತಿ ಉರಿಯಿತು. ಬಹುಪಾಲು ಐರಿಶ್ ಮೂಲದ ಬಡ ಕಾರ್ಮಿಕರ ರೋಷ ಸರ್ಕಾರದಿಂದ ತಿರುಗಿ ತಮಗಿಂತ ದುರ್ಬಲರಾದ ಕಪ್ಪು ಜನರ ಮೇಲೆ ಹರಿಯಿತು. ಕಪ್ಪು ಮಕ್ಕಳ ಅನಾಥಾಲಯವನ್ನು ಸುಟ್ಟರು. ನೂರಕ್ಕೂ ಹೆಚ್ಚು ಜನ ಸತ್ತರು.

ರೈಲು ಹಳಿಯ ಅಗಲ

ಸೈನಿಕ ದೃಷ್ಟಿಯಿಂದ ಈ ಯುದ್ಧವನ್ನು ಹೊಸದಾಗಿಸಿದ್ದು ಸಾಗಾಟ ಮತ್ತು ಸುದ್ದಿ. 1860ರಲ್ಲಿ ಅಮೆರಿಕದಲ್ಲಿದ್ದ ಸುಮಾರು 30,000 ಮೈಲಿ ರೈಲು ಹಾದಿಯಲ್ಲಿ ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು ಉತ್ತರದಲ್ಲಿತ್ತು. ದಕ್ಷಿಣದಲ್ಲಿದ್ದದ್ದೂ ಬೇರೆ ಬೇರೆ ಕಂಪನಿಗಳು ಬೇರೆ ಬೇರೆ ಅಗಲಕ್ಕೆ ಹಾಕಿದ ಹಳಿಗಳು. ನಮ್ಮಲ್ಲಿ ಮೀಟರ್‌ಗೇಜ್ ಮತ್ತು ಬ್ರಾಡ್‌ಗೇಜ್ ಕೂಡುವ ನಿಲ್ದಾಣದಲ್ಲಿ ಅರ್ಧ ರಾತ್ರಿ ಟ್ರಂಕು ಹೊತ್ತು ಗಾಡಿ ಬದಲಿಸಿದ ನೆನಪಿರುವವರು ಆ ಸ್ಥಿತಿಯನ್ನು ಕಣ್ಣಿಗೆ ತಂದುಕೊಳ್ಳಬಹುದು. ಟ್ರಂಕಿನ ಜಾಗದಲ್ಲಿ ಒಂದು ಸೇನೆಯ ಹಿಟ್ಟು, ಮದ್ದುಗುಂಡು, ಕುದುರೆ, ಗಾಯಾಳುಗಳನ್ನು ಇಟ್ಟುಕೊಂಡರೆ ಸಾಕು. ದಕ್ಷಿಣದಲ್ಲಿ ಎಷ್ಟೋ ಸಲ ಧಾನ್ಯ ಒಂದೆಡೆ ಕೊಳೆಯುತ್ತಿತ್ತು, ಸೈನಿಕ ಇನ್ನೊಂದೆಡೆ ಉಪವಾಸವಿದ್ದ.

ತಂತಿ ಸಂದೇಶ ಬಂದದ್ದರಿಂದ ಅಧ್ಯಕ್ಷನೊಬ್ಬ ರಾಜಧಾನಿಯಲ್ಲಿ ಕೂತು ನೂರಾರು ಮೈಲಿ ದೂರದ ಸೇನಾಪತಿಯೊಡನೆ ಅಂದಂದೇ ಮಾತಾಡುವಂತಾಯಿತು. ಲಿಂಕನ್ ಯುದ್ಧ ಇಲಾಖೆಯ ತಂತಿ ಕಚೇರಿಯಲ್ಲಿ ಗಂಟೆಗಟ್ಟಲೆ ಕೂರುತ್ತಿದ್ದ. ಥಡಿಯಸ್ ಲೋ ಎಂಬುವನು ಅನಿಲ ತುಂಬಿದ ಬಲೂನುಗಳಲ್ಲಿ ಮೇಲೇರಿ ಶತ್ರುವಿನ ಶಿಬಿರವನ್ನು ನೋಡಿ ಮೇಲಿನಿಂದಲೇ ತಂತಿಯಲ್ಲಿ ಸುದ್ದಿ ಕೊಟ್ಟ. 1864ರ ಫೆಬ್ರುವರಿಯಲ್ಲಿ ದಕ್ಷಿಣದ ಹನ್ಲಿ ಎಂಬ, ಒಳಗಿದ್ದವರು ಕೈಯಿಂದ ತಿರುಗಿಸುತ್ತಿದ್ದ ಜಲಾಂತರ್ಗಾಮಿ ಉತ್ತರದ ಹಡಗೊಂದನ್ನು ಮುಳುಗಿಸಿ, ತಾನೂ ಎಂಟು ಜನರ ಸಮೇತ ಮುಳುಗಿತು. ಬಂದೂಕಿನ ನಳಿಗೆಯೊಳಗೆ ಸುರುಳಿ ಗೀರು ಬಂದದ್ದರಿಂದ ಗುಂಡು ಮೊದಲಿಗಿಂತ ಬಹುದೂರ ಗುರಿ ತಪ್ಪದೆ ಹೋಗುವಂತಾಯಿತು. ಆದರೆ ಸೈನಿಕರಿಗೆ ಗುರಿಯಿಡುವ ತರಬೇತಿ ಇಲ್ಲದ ಕಾರಣ ಹೆಚ್ಚಿನ ಕಾಳಗಗಳು ಹಿಂದಿನಂತೆ ಹತ್ತಿರದಿಂದಲೇ ನಡೆದವು ಎಂದು ಈಚಿನ ಅಧ್ಯಯನಕಾರರು ವಾದಿಸುತ್ತಾರೆ. ಕೊನೆಗೆ ಸೈನಿಕ ನಂಬಿದ್ದು ಗುದ್ದಲಿಯನ್ನು. 1864ರ ಜೂನ್‌ನಿಂದ ಒಂಬತ್ತು ತಿಂಗಳು ವರ್ಜೀನಿಯಾದ ಪೀಟರ್ಸ್‌ಬರ್ಗ್ ಸುತ್ತ ಎರಡೂ ಸೇನೆಗಳು ಕಂದಕ ತೋಡಿ ಎದುರುಬದುರು ಕೂತವು. ಅರ್ಧ ಶತಮಾನದ ನಂತರ ಮೊದಲ ಮಹಾಯುದ್ಧದಲ್ಲಿ ಯುರೋಪು ಅದನ್ನೇ ಇನ್ನೂ ದೊಡ್ಡದಾಗಿ ಕಂಡಿತು.

ವೇಷ ಮರೆಸಿದವರು, ನೋಟು ಕತ್ತರಿಸಿದವರು

ಗಂಡಸಿನ ಹೆಸರು, ಗಂಡಸಿನ ಉಡುಪಿನಲ್ಲಿ ಸೈನ್ಯ ಸೇರಿದ ಹೆಂಗಸರು ಕನಿಷ್ಠ 400 ಜನರಿದ್ದರು ಎಂಬುದು ಒಂದು ಅಂದಾಜು. ಭರ್ತಿಯ ವೈದ್ಯಕೀಯ ತಪಾಸಣೆ ಎಂದರೆ ಗುಂಡಿನ ಪೊಟ್ಟಣವನ್ನು ಕಚ್ಚಿ ಹರಿಯಲು ಹಲ್ಲಿದೆಯೇ, ಕೈಕಾಲು ನೆಟ್ಟಗಿದೆಯೇ ಎಂದು ನೋಡುವಷ್ಟೇ ಆಗಿದ್ದರಿಂದ ಅದು ಸಾಧ್ಯವಾಯಿತು. ಐರ್ಲೆಂಡಿನಲ್ಲಿ ಹುಟ್ಟಿದ ಜೆನಿ ಹಾಜರ್ಸ್ ಆಲ್ಬರ್ಟ್ ಕ್ಯಾಷಿಯರ್ ಎಂಬ ಹೆಸರಿನಲ್ಲಿ ಇಲಿನಾಯ್‌ನ 95ನೇ ರೆಜಿಮೆಂಟಿನಲ್ಲಿ ಮೂರು ವರ್ಷ ಕಾದಿ, ಯುದ್ಧದ ನಂತರವೂ ಗಂಡಸಾಗಿಯೇ ಬದುಕಿ, ಪಿಂಚಣಿ ಪಡೆದು, 1911ರಲ್ಲಿ ಕಾಲು ಮುರಿದು ವೈದ್ಯರ ಕೈಗೆ ಸಿಕ್ಕಾಗಷ್ಟೇ ಗುಟ್ಟು ಹೊರಬಿತ್ತು. ಹಳೆಯ ಜೊತೆಗಾರ ಸೈನಿಕರು ಆಗಲೂ ಬಿಟ್ಟುಕೊಡಲಿಲ್ಲ.

ವೇಷ ಮರೆಸದ ಹೆಂಗಸರು ಕಚೇರಿಗೆ ಬಂದದ್ದೂ ಆಗಲೇ. ಹೊಸ ಕಾಗದದ ಡಾಲರುಗಳು ದೊಡ್ಡ ಹಾಳೆಗಳಾಗಿ ಮುದ್ರಣವಾಗುತ್ತಿದ್ದವು. ಅವನ್ನು ಕತ್ತರಿಯಿಂದ ಬಿಡಿಸಲು ಖಜಾನೆ ಇಲಾಖೆ 1862ರಲ್ಲಿ ಹೆಂಗಸರನ್ನು, ಗಂಡಸರಿಗಿಂತ ಕಡಿಮೆ ಸಂಬಳಕ್ಕೆ, ನೇಮಿಸಿಕೊಂಡಿತು. ದಾದಿಯರ ಮೇಲ್ವಿಚಾರಕಿ ಡೊರೊಥಿಯಾ ಡಿಕ್ಸ್ ಮಧ್ಯವಯಸ್ಸಿನ, ಸಾದಾ ಉಡುಪಿನ ಹೆಂಗಸರನ್ನು ಮಾತ್ರ ಆರಿಸುತ್ತಿದ್ದಳು.

ಮೂಲನಿವಾಸಿಗಳ ಪಾಡು ಇನ್ನೂ ವಿಚಿತ್ರ. 1865ರ ಏಪ್ರಿಲ್ 9ರಂದು ವರ್ಜೀನಿಯಾದ ಅಪೊಮ್ಯಾಟಕ್ಸ್‌ನಲ್ಲಿ ದಕ್ಷಿಣದ ಸೇನಾಪತಿ ಲೀ ಶರಣಾದಾಗ ಶರಣಾಗತಿಯ ಷರತ್ತುಗಳ ಪ್ರತಿಯನ್ನು ಚೊಕ್ಕ ಕೈಬರಹದಲ್ಲಿ ಬರೆದವನು ಉತ್ತರದ ಸೇನಾಪತಿ ಗ್ರಾಂಟ್‌ನ ಕಾರ್ಯದರ್ಶಿ ಈಲಿ ಪಾರ್ಕರ್, ಸೆನೆಕಾ ಬುಡಕಟ್ಟಿನವನು. ದಕ್ಷಿಣದ ಸೇನಾಪತಿಗಳಲ್ಲಿ ಕಟ್ಟಕಡೆಗೆ, ಜೂನ್ 23ರಂದು, ಆಯುಧ ಕೆಳಗಿಟ್ಟವನು ಚೆರೊಕಿ ಬುಡಕಟ್ಟಿನ ಸ್ಟ್ಯಾಂಡ್ ವೇಟಿ. ಇದೇ ಯುದ್ಧಕಾಲದಲ್ಲಿ, 1862ರ ಡಿಸೆಂಬರ್ 26ರಂದು, ಮಿನ್ನೆಸೋಟದಲ್ಲಿ ಡಕೋಟಾ ಬುಡಕಟ್ಟಿನ 38 ಗಂಡಸರನ್ನು ಒಂದೇ ಕಟ್ಟೆಯ ಮೇಲೆ ಗಲ್ಲಿಗೇರಿಸಲಾಯಿತು.

ಹೆಣಕ್ಕೊಂದು ಹೆಸರು

ಅಂದಿನ ಅಮೆರಿಕದವರಿಗೆ ಒಳ್ಳೆಯ ಸಾವು ಎಂದರೆ ಮನೆಯ ಹಾಸಿಗೆಯಲ್ಲಿ, ನಮ್ಮವರ ನಡುವೆ, ಕೊನೆಯ ಮಾತು ಹೇಳಿ ಕಣ್ಣುಮುಚ್ಚುವುದು. ಬಾಯಿಗೆ ನೀರು ಬಿಡುವವರಿಲ್ಲದ ಸಾವು ನಮ್ಮವರಿಗೆ ಎಂಥ ಸಂಕಟವೋ ಅವರಿಗೂ ಅಂಥದೇ. ಸೈನಿಕರಿಗೆ ಗುರುತಿನ ಬಿಲ್ಲೆಗಳಿರಲಿಲ್ಲ. ಆದ್ದರಿಂದ ದೊಡ್ಡ ದಾಳಿಯ ಮುನ್ನ ಕೆಲವರು ಹೆಸರು, ಊರು ಬರೆದ ಕಾಗದದ ಚೂರನ್ನು ಅಂಗಿಯ ಬೆನ್ನಿಗೆ ಪಿನ್ನು ಹಾಕಿ ಸಿಕ್ಕಿಸಿಕೊಳ್ಳುತ್ತಿದ್ದರು. ಪಕ್ಕದಲ್ಲಿ ಸತ್ತವನ ಮನೆಗೆ ಜೊತೆಗಾರ ಪತ್ರ ಬರೆಯುವುದು ಒಂದು ಕರ್ತವ್ಯವೇ ಆಗಿತ್ತು.

ಆಂಟಿಟಮ್‌ನ ಹೆಣಗಳ ಫೋಟೋಗಳನ್ನು 1862ರ ಅಕ್ಟೋಬರ್‌ನಲ್ಲಿ ಮ್ಯಾಥ್ಯೂ ಬ್ರೇಡಿ ನ್ಯೂಯಾರ್ಕಿನ ತನ್ನ ಗ್ಯಾಲರಿಯಲ್ಲಿ ಪ್ರದರ್ಶಿಸಿದ. ತಮ್ಮ ನೆಲದ ಯುದ್ಧದ ಹೆಣವನ್ನು ನಗರವಾಸಿಗಳು ಕಂಡದ್ದು ಅದೇ ಮೊದಲು. ಶವವನ್ನು ಕೆಡದಂತೆ ಔಷಧ ತುಂಬಿ ರೈಲಿನಲ್ಲಿ ಮನೆಗೆ ಕಳಿಸುವ ವ್ಯಾಪಾರ, ಇಂದಿನ ಅಮೆರಿಕದ ಅಂತ್ಯಸಂಸ್ಕಾರದ ಪದ್ಧತಿಯ ಒಂದು ಮೂಲ, ಈ ಯುದ್ಧದಲ್ಲಿ ಬೆಳೆಯಿತು. ಯುದ್ಧದ ನಂತರ ಸರ್ಕಾರ ಹೊಲ, ಕಾಡು, ರಸ್ತೆಬದಿಗಳಲ್ಲಿ ಹುಗಿದಿದ್ದ 3 ಲಕ್ಷಕ್ಕೂ ಹೆಚ್ಚು ಉತ್ತರದ ಸೈನಿಕರ ಅಸ್ಥಿಗಳನ್ನು ಅಗೆದು ರಾಷ್ಟ್ರೀಯ ಸ್ಮಶಾನಗಳಿಗೆ ತಂದಿತು. ಅರ್ಧಕ್ಕೆ ಸಮೀಪದಷ್ಟು ಗೋರಿಗಳಿಗೆ ಹೆಸರು ಸಿಗಲಿಲ್ಲ. ದಕ್ಷಿಣದ ಸೈನಿಕರನ್ನು ಆ ಲೆಕ್ಕಕ್ಕೆ ಸೇರಿಸಲಿಲ್ಲ. ಅವರ ಅಸ್ಥಿಗಳನ್ನು ಕೂಡಿಸುವ ಹೊಣೆ ಹೊತ್ತವರು ಅಲ್ಲಿನ ಮಹಿಳಾ ಸಂಘಗಳು.

ಇಷ್ಟೆಲ್ಲ ಮರೆಯಾದದ್ದು ಹೇಗೆ?

ಆ ಸಂಘಗಳ ಮುಂದುವರಿಕೆಯಲ್ಲೇ ಉತ್ತರವಿದೆ. ಸೋತ ದಕ್ಷಿಣದಲ್ಲಿ, ನಾವು ಕಾದಿದ್ದು ಗುಲಾಮಗಿರಿಗಾಗಿ ಅಲ್ಲ, ರಾಜ್ಯಗಳ ಹಕ್ಕಿಗಾಗಿ. ನಮ್ಮವರು ವೀರರು, ಗುಲಾಮರು ನಿಷ್ಠರು ಎಂಬ ಕಥನ ನಿಧಾನವಾಗಿ ಬೆಳೆಯಿತು. ಆದರೆ ಒಕ್ಕೂಟವನ್ನು ಬಿಡುವಾಗ ಮಿಸಿಸಿಪಿಯಂಥ ರಾಜ್ಯಗಳು ಹೊರಡಿಸಿದ ಹೇಳಿಕೆಗಳಲ್ಲೇ ಗುಲಾಮಗಿರಿ ತಮ್ಮ ಕಾರಣ ಎಂದು ಬಿಚ್ಚಿ ಬರೆದಿತ್ತು. 1894ರಲ್ಲಿ ಸ್ಥಾಪನೆಯಾದ ಕಾನ್ಫೆಡರಸಿಯ ಪುತ್ರಿಯರ ಸಂಘ ಪ್ರತಿಮೆಗಳನ್ನು ನಿಲ್ಲಿಸಿತು, ಶಾಲಾ ಪುಸ್ತಕಗಳಲ್ಲಿ ಏನಿರಬೇಕೆಂದು ಒತ್ತಡ ತಂದಿತು. ಹೀಗೆ ಪ್ರತಿಮೆಗಳ ಬಹುಪಾಲು ಎದ್ದದ್ದು ಯುದ್ಧ ಮುಗಿದ ಕೂಡಲೇ ಅಲ್ಲ. 1890ರ ನಂತರದ ದಶಕಗಳಲ್ಲಿ, ಕಪ್ಪು ಜನರ ಮತದಾನದ ಹಕ್ಕನ್ನು ದಕ್ಷಿಣದ ರಾಜ್ಯಗಳು ಕಸಿಯುತ್ತಿದ್ದ ಕಾಲದಲ್ಲೇ. ರಿಚ್ಮಂಡ್‌ನಲ್ಲಿ ಇಳಿಸಿದ ಪ್ರತಿಮೆಯ ಜಗಳ 1865ಕ್ಕಿಂತ ಹೆಚ್ಚಾಗಿ ಈ ಅವಧಿಗೆ ಸೇರಿದ್ದು. ಇತ್ತ ಪುಣೆಯಲ್ಲಿ ಜ್ಯೋತಿಬಾ ಫುಲೆ ಅಮೆರಿಕದ ಸುದ್ದಿಯಿಂದ ಬೇರೆಯದೇ ಅರ್ಥ ತೆಗೆದರು. 1873ರಲ್ಲಿ ಜಾತಿಪದ್ಧತಿಯ ಬಗ್ಗೆ ತಾವು ಬರೆದ ಪುಸ್ತಕವನ್ನು, ಗುಲಾಮಗಿರಿಯನ್ನು ತೊಡೆದ ಅಮೆರಿಕದ ಜನರಿಗೆ ಅರ್ಪಿಸಿದರು.

ಧಾರವಾಡದ ಹೊಲದಲ್ಲಿ

ಇಂಗ್ಲೆಂಡಿನ ಲ್ಯಾಂಕಶೈರ್ ಗಿರಣಿಗಳಿಗೆ ಬೇಕಾದ ಹತ್ತಿಯಲ್ಲಿ ನಾಲ್ಕರಲ್ಲಿ ಮೂರು ಪಾಲಿಗಿಂತ ಹೆಚ್ಚು ಅಮೆರಿಕದ ದಕ್ಷಿಣದಿಂದ ಹೋಗುತ್ತಿತ್ತು. ಹತ್ತಿ ಕೊಡದಿದ್ದರೆ ಬ್ರಿಟನ್ ತಾನಾಗಿ ನಮ್ಮ ಪರ ಬರುತ್ತದೆ ಎಂದು ಲೆಕ್ಕ ಹಾಕಿ ದಕ್ಷಿಣದ ಬೆಳೆಗಾರರು 1861ರಲ್ಲಿ ತಾವೇ ಹತ್ತಿಯನ್ನು ತಡೆದರು. ಆಮೇಲೆ ಮಾರಬೇಕೆಂದಾಗ ನೌಕಾ ಮುತ್ತಿಗೆ ಬಿಗಿದಿತ್ತು. ಲ್ಯಾಂಕಶೈರ್‌ನಲ್ಲಿ ಗಿರಣಿ ನಿಂತು ಲಕ್ಷಾಂತರ ಕೂಲಿಗಳು ಗಂಜಿಗೆ ಕೈಯೊಡ್ಡಿದರು. ಬ್ರಿಟಿಷರ ಕಣ್ಣು ಭಾರತದ ಮೇಲೆ ಬಿತ್ತು.

ಧಾರವಾಡ ಸೀಮೆಯ ಕಪ್ಪು ಎರೆ ಭೂಮಿಯಲ್ಲಿ ಆಗ ಎರಡು ಬಗೆಯ ಹತ್ತಿ ಬೆಳೆಯುತ್ತಿತ್ತು. ಒಂದು ಜವಾರಿ ಹತ್ತಿ; ಚಕ್ಕಡಿಯಲ್ಲಿ ಶಿರಸಿಯ ದೇವಿಮನೆ ಘಟ್ಟ ಇಳಿದು ಕುಮಟಾ ಬಂದರಿನಿಂದ ಹೋಗುತ್ತಿದ್ದ ಕಾರಣ ಹೊರಗಿನ ಪೇಟೆಯಲ್ಲಿ ಅದರ ಹೆಸರು ಕುಮಟಾ ಹತ್ತಿ. ಇನ್ನೊಂದು ವಿಲಾಯತಿ ಹತ್ತಿ. 1840ರ ದಶಕದಲ್ಲಿ ಈಸ್ಟ್ ಇಂಡಿಯಾ ಕಂಪನಿ ಅಮೆರಿಕದ ನ್ಯೂ ಆರ್ಲಿಯನ್ಸ್ ಬೀಜವನ್ನೂ ಅಲ್ಲಿನ ಬೆಳೆಗಾರರನ್ನೂ ಕರೆಸಿ ಮಾಡಿದ ಪ್ರಯೋಗ ದೇಶದ ಬಹುಕಡೆ ನೆಲಕಚ್ಚಿತು, ಧಾರವಾಡದಲ್ಲಿ ಬೇರೂರಿತು. ಅದಕ್ಕೆ ಧಾರವಾಡ ಅಮೆರಿಕನ್ ಎಂದೇ ಹೆಸರು ಬಿತ್ತು. ಆ ಹತ್ತಿಯ ಬೀಜವನ್ನು ಅರಳೆಯಿಂದ ಬಿಡಿಸಲು ಇಲ್ಲಿನ ರಾಟೆಗೆ ಆಗುತ್ತಿರಲಿಲ್ಲ. ಗರಗಸದ ಹಲ್ಲಿನ ಜಿನ್ನು ಬೇಕಿತ್ತು. ಅದನ್ನು ಮಾಡುವ, ರಿಪೇರಿ ಮಾಡುವ ಕಾರ್ಖಾನೆಯೂ ಧಾರವಾಡದಲ್ಲಿತ್ತು. ಹೀಗೆ ಯುದ್ಧ ಶುರುವಾದಾಗ ಅಮೆರಿಕದ ಹತ್ತಿಗೆ ಬದಲಿಯಾಗಬಲ್ಲ ಮಾಲು ಸಿದ್ಧವಾಗಿದ್ದ ಕೆಲವೇ ಸೀಮೆಗಳಲ್ಲಿ ಧಾರವಾಡವೂ ಒಂದಾಗಿತ್ತು.

ಬೆಲೆ ಹಲವು ಪಟ್ಟು ಏರಿತು. ಜೋಳದ ಹೊಲಕ್ಕೂ ಹತ್ತಿ ಬಂತು. ದುಡ್ಡು ಬಂದಲ್ಲಿ ಬೆರಕೆಯೂ ಬಂತು: ವಿಲಾಯತಿ ಹತ್ತಿಗೆ ಜವಾರಿ ಸೇರಿಸುವುದು, ತೂಕಕ್ಕೆ ಬೀಜ, ಕಸ, ನೀರು ಹಾಕುವುದು ಎಷ್ಟು ಹೆಚ್ಚಿತೆಂದರೆ ಮುಂಬಯಿ ಸರ್ಕಾರ 1863ರಲ್ಲಿ ಹತ್ತಿಯ ಮೋಸ ತಡೆಯಲೆಂದೇ ಒಂದು ಕಾನೂನು ಮಾಡಿತು. ಮುಂಬಯಿಯಲ್ಲಿ ಹತ್ತಿಯ ಹಣ ಷೇರುಗಳ ಹುಚ್ಚಾಗಿ, ಸಮುದ್ರ ತುಂಬಿಸಿ ನೆಲ ಮಾಡುವ ಕಂಪನಿಗಳಾಗಿ ಉಕ್ಕಿತು. 1865ರಲ್ಲಿ ಲೀ ಶರಣಾದ ಸುದ್ದಿ ಬಂದ ಮೇಲೆ ಬೆಲೆ ಕುಸಿದು ಹೆಸರಾಂತ ವರ್ತಕರೇ ದಿವಾಳಿಯೆದ್ದರು. ಹತ್ತಿಯ ದಿನಗಳಲ್ಲಿ ಕೈಬಿಚ್ಚಿ ಸಾಲ ಕೊಟ್ಟಿದ್ದ ಸಾಹುಕಾರರು ಈಗ ವಸೂಲಿಗೆ ಇಳಿದರು. 1875ರಲ್ಲಿ ಪುಣೆ, ಅಹ್ಮದ್‌ನಗರ ಸೀಮೆಯ ರೈತರು ಸಾಲಪತ್ರಗಳನ್ನು ಕಿತ್ತು ಸುಟ್ಟ ಗಲಭೆಯ ಹಿನ್ನೆಲೆಯಲ್ಲಿ ಈ ಏರಿಳಿತವೂ ಒಂದು.

ನಮ್ಮ ನಕಾಶೆಯ ಮೇಲೂ ಅದು ಗೆರೆ ಎಳೆದಿದೆ. ಮದ್ರಾಸ್ ಪ್ರಾಂತ್ಯದಲ್ಲಿದ್ದ ಉತ್ತರ ಕನ್ನಡವನ್ನು 1862ರಲ್ಲಿ ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದ್ದರ ಹಿಂದೆ, ಧಾರವಾಡದ ಹತ್ತಿಗೆ ಕಾರವಾರವನ್ನು ಬಂದರಾಗಿ ಬೆಳೆಸುವ ಆಲೋಚನೆ ದೊಡ್ಡದಾಗಿತ್ತು. ಮ್ಯಾಂಚೆಸ್ಟರಿನ ಹತ್ತಿ ಕಂಪನಿಯೊಂದು ಸದಾಶಿವಗಡಕ್ಕೆ ಯಂತ್ರಗಳನ್ನು ಕಳಿಸಿತು. ಇಳಿಸಲು ಸರಿಯಾದ ಕಟ್ಟೆಯಾಗಲಿ, ಘಟ್ಟ ಹತ್ತಿಸಲು ರಸ್ತೆಯಾಗಲಿ ಇನ್ನೂ ಸಿದ್ಧವಿರಲಿಲ್ಲ. ಹುಬ್ಬಳ್ಳಿಯಿಂದ ಘಟ್ಟ ಇಳಿಸಿ ಕಾರವಾರಕ್ಕೆ ರೈಲು ತರುವ ಮಾತು ಹುಟ್ಟಿದ್ದೂ ಆ ಹತ್ತಿಯ ದಿನಗಳಲ್ಲೇ. ಯುದ್ಧ ಮುಗಿದು ಅಮೆರಿಕದ ಹತ್ತಿ ಪೇಟೆಗೆ ಮರಳಿತು, ಅವಸರ ಇಳಿಯಿತು. 1880ರ ದಶಕದಲ್ಲಿ ಹಳಿ ಬಂದಾಗ ಅದು ಹೋದದ್ದು ಗೋವೆಯ ಮರ್ಮಗೋವಾಕ್ಕೆ. ಕಾರವಾರಕ್ಕೆ ಕರಾವಳಿಯುದ್ದದ ಕೊಂಕಣ ರೈಲು ಬಂದದ್ದು 1990ರ ದಶಕದಲ್ಲಿ. ಹುಬ್ಬಳ್ಳಿಯಿಂದ ಘಟ್ಟ ಇಳಿಯಬೇಕಾದ ಹಳಿ, ಈಗ ಹುಬ್ಬಳ್ಳಿ–ಅಂಕೋಲಾ ಯೋಜನೆ ಎಂಬ ಹೆಸರಿನಲ್ಲಿ, ಕಾಡು ಉಳಿಯಬೇಕೇ ರೈಲು ಬರಬೇಕೇ ಎಂಬ ವ್ಯಾಜ್ಯದಲ್ಲಿ ಸಿಕ್ಕಿಕೊಂಡಿದೆ.